ಹೊಟ್ಟೆ ತುಂಬಿದ ಇಪ್ಪತ್ತು ಇಲಿಗಳು

ಪರೀಕ್ಷೆಯ ದಿನ ಯಾರನ್ನೂ ಖಾಲಿ ಹೊಟ್ಟೆಯಲ್ಲಿ ಕಳಿಸಬಾರದೆಂಬುದು ಲ್ಯಾಬ್ ಗುಡಿಸುವ ಅಕ್ಕನ ನಂಬಿಕೆ. ಆದರೆ ಅವತ್ತು ಪರೀಕ್ಷೆ ಇದ್ದದ್ದು ಇಪ್ಪತ್ತು ಮುದಿ ಇಲಿಗಳಿಗೆ. ಹಸಿದಿದ್ದರೆ ಮಾತ್ರ ಅವು ಮರದ ಚಕ್ರವ್ಯೂಹದಲ್ಲಿ ದಾರಿ ನೆನಪಿಸಿಕೊಂಡು ತುದಿಯ ಬಿಸ್ಕತ್ತು ಮುಟ್ಟುತ್ತವೆ.

"ರಾತ್ರಿಯಿಂದ ಉಪವಾಸ ಕೆಡವಿದ್ರಲ್ಲ, ಪಾಪ ಅನ್ನಿಸ್ತು. ಹೊಟ್ಟೆ ತುಂಬ ಹಾಕ್ದೆ" ಎಂದಳು ಅಕ್ಕ.

ಇಲಿ ಮೇಷ್ಟ್ರು ಪಂಜರಗಳತ್ತ ಓಡಿದರು. ಇಲಿಗಳನ್ನು ಓಡಿಸಿ ಅಂಕ ಹಾಕುವುದರಿಂದ ಬಂದ ಹೆಸರದು. ಅವರ ಗುತ್ತಿಗೆ ಅವತ್ತಿಗೆ ಮುಗಿಯುತ್ತಿತ್ತು. ನಾಲ್ಕು ಗಂಟೆಗೆ ನಿರ್ದೇಶಕರು ಈ ಐದನೇ ಪರೀಕ್ಷೆಯ ಫಲಿತಾಂಶ ನೋಡಿ ಮುಂದಿನದನ್ನು ಹೇಳುವವರಿದ್ದರು. "ನಮ್ಮ ಅಳಿಯಂದಿರು ಇಲಿ ಓಡಿಸ್ತಾರೆ" ಎಂದು ಬಂದವರಿಗೆಲ್ಲ ಹೇಳುವ ಮಾವ, ನಾಳೆಯಿಂದ ಏನು ಹೇಳಿಯಾರೋ!

ಪ್ರಯೋಗವೇನೋ ದೊಡ್ಡದೇ. ಗರ್ಭದಲ್ಲಿ ಮಿದುಳು ಕಟ್ಟುವಾಗ ಜೀವಕೋಶಗಳು ಒಂದಕ್ಕೊಂದು ಸಂಜ್ಞೆ ಕೊಡುತ್ತವೆ. ಮನೆ ಕಟ್ಟಿ ಮುಗಿದ ಮೇಲೆ ಮೇಸ್ತ್ರಿಯ ಕೂಗಾಟ ನಿಲ್ಲುವಂತೆ ಆಮೇಲೆ ಅದೂ ತಗ್ಗುತ್ತದೆ. ಆ ಮೇಸ್ತ್ರಿಯನ್ನು ಮತ್ತೆ ಕರೆಸಿದರೆ, ಮರೆವಿನ ರೋಗದಲ್ಲಿ ಸಾಯುವ ನರಕೋಶಗಳನ್ನು ಉಳಿಸಬಹುದೇ? ಮರೆವು ಹಿಡಿದ ಈ ಇಪ್ಪತ್ತರಲ್ಲಿ ಹತ್ತು ಇಲಿಗಳಿಗೆ ಹಾಗೆ ಕರೆಸುವ ಔಷಧ, ಹತ್ತಕ್ಕೆ ಬರೀ ನೀರು. ಯಾವುದಕ್ಕೆ ಯಾವುದೆಂಬ ಪಟ್ಟಿ ಅಂಕಿಅಂಶದ ಮೇಡಂ ಬಳಿ ಮುಚ್ಚಿದ ಲಕೋಟೆಯಲ್ಲಿತ್ತು.

ಮೊದಲನೇ ಇಲಿ ಚಕ್ರವ್ಯೂಹದ ಬಾಗಿಲಲ್ಲೇ ಮಲಗಿತು. ಎರಡನೆಯದು ಮೀಸೆ ಒರೆಸಿಕೊಂಡು ಮಲಗಿತು. ಚೆಲ್ಲಾಟ ಇಲಿಗಳದು, ಪ್ರಾಣಸಂಕಟ ಮೇಷ್ಟ್ರದು.

"ನಿದ್ದೆ ಅಂತಾನೇ ಬರ್ಕೊಳ್ಳಿ, ಅದೂ ಒಂದು ಮಾಹಿತಿ" ಎಂದರು ಮೇಡಂ.

"ನಾಲ್ಕು ಹೆಜ್ಜೆ ನಡೆಸಿದ್ರೆ ಕರಗುತ್ತೆ ಬಿಡಿ" ಎಂದ ಸ್ಟೋರಿನವನು, ಯಾರೂ ಬೇಡ ಅನ್ನುವ ಮೊದಲೇ ಒಂದನ್ನು ಹೊರಗೆ ಬಿಟ್ಟ. ಅದು ಮಾಯವಾಯಿತು. ಕಪಾಟಿನ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತ ಮೇಷ್ಟ್ರು ಹುಡುಕುತ್ತಿರುವಾಗ, ಒಮ್ಮೆ ನೋಡಿಹೋಗಲೆಂದು ಬಾಗಿಲಾಚೆ ಬೂಟು ಬಿಟ್ಟು ಒಳಗೆ ಬಂದಿದ್ದ ನಿರ್ದೇಶಕರು ವಾಪಸು ಹೊರಟು, ಬೂಟಿಗೆ ಕಾಲಿಟ್ಟು ಕೂಗಿದರು.

"ನನ್ನ ಬೂಟಲ್ಲಿ ಇದೇನ್ರೀ?"

"ದಾರಿ ಮರೆತಿದೆ ಸರ್... ಮರೆವಿನ ಇಲಿ."

"ಸಂಜೆ ಮಾತಾಡೋಣ" ಎಂದರು ನಿರ್ದೇಶಕರು. ಆ ದನಿ ಕೇಳಿ ಮೇಷ್ಟ್ರ ಹಸಿವೇ ಇಂಗಿಹೋಯಿತು. ಪುಣ್ಯಕ್ಕೆ ಎರಡು ಗಂಟೆಯ ಹೊತ್ತಿಗೆ ಇಲಿಗಳಿಗೆ ಹಸಿವಾಯಿತು.

ನಾಲ್ಕಕ್ಕೆ ಇಪ್ಪತ್ತೂ ಓಡಿ ಮುಗಿದಿದ್ದವು. ಹತ್ತು ಇಲಿಗಳು ಎಲ್ಲೂ ತಡವರಿಸದೆ ಬಿಸ್ಕತ್ತು ಮುಟ್ಟಿದ್ದವು; ಉಳಿದವು ಗೋಡೆ ಮೂಸಿಕೊಂಡು ನಿಂತಿದ್ದವು. ಮೇಡಂ ಲಕೋಟೆ ಒಡೆದರು. ಮುಟ್ಟಿದ ಹತ್ತರಲ್ಲಿ ಒಂಬತ್ತಕ್ಕೆ ಔಷಧ ಹೋಗಿತ್ತು! ಸ್ಟೋರಿನವನು ಶಿಳ್ಳೆ ಹಾಕಿದ. ಮೇಷ್ಟ್ರಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಐದು ವರ್ಷ ಇಲಿಗಳ ಹಿಂದೆ ಕಳೆದದ್ದು ಸಾರ್ಥಕವಾಯಿತು ಅನ್ನಿಸಿತು.

ನಿರ್ದೇಶಕರು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಐದನೇ ಸಲವೂ ಅದೇ ಉತ್ತರ! ಇನ್ನು ಅನುಮಾನವೇ ಇಲ್ಲ."

"ಹಾಗಾದ್ರೆ ಸರ್, ನನ್ನ ಕೆಲಸ..."

"ಬಹಳ ಚೆನ್ನಾಗಿ ಮಾಡಿದ್ರಿ. ಇಲಿ ಹಂತ ಇವತ್ತಿಗೆ ಮುಗೀತು. ಇನ್ಮೇಲೆ ಇದು ಆಸ್ಪತ್ರೆಯವರ ಕೆಲಸ."

ಮೇಷ್ಟ್ರು ಕೈ ಬಿಡಿಸಿಕೊಂಡರು. "ಅಕಸ್ಮಾತ್ ಇವತ್ತು ಔಷಧ ಕೈಕೊಟ್ಟಿದ್ರೆ ಸರ್?"

"ಅಯ್ಯೋ, ಇನ್ನೂ ಮೂರು ವರ್ಷ ನಿಮ್ಮನ್ನೇ ಇಟ್ಕೊಂಡು ಇಲಿ ಓಡಿಸ್ಬೇಕಿತ್ತು" ಎಂದು ನಿರ್ದೇಶಕರು ಪ್ರೀತಿಯಿಂದ ಬೆನ್ನು ತಟ್ಟಿದರು. "ಸದ್ಯ, ಬಚಾವಾದ್ವಿ ನೋಡಿ!"