ಪಟೇಲರು ಮತ್ತು ನೆಲಗುಬ್ಬಿ

ಸೊಕ್ಕೆ ಎಂಬ ಊರಲ್ಲಿ ಪಟೇಲರಾಗಿದ್ದ ನಮ್ಮ ಮಾವನವರು ತಲೆಯೆತ್ತಿ ನಡೆದದ್ದನ್ನು ಕಂಡವರು ಯಾರೂ ಇಲ್ಲ. ಅವರಿಗೆ ಯಾರ ಅಂಜಿಕೆ ಅಂತೀರಾ? ನೆಲಗುಬ್ಬಿಯದು!

ಮರವಿಲ್ಲದ ಕಲ್ಲುಬಯಲೇ ಬೇಕು ಎನ್ನುವ, ಹಿಡಿಯಷ್ಟೂ ಇಲ್ಲದ ಹಕ್ಕಿ ಅದು. ಗಂಡು ಮೇಲೇರಿ ಸಿಳ್ಳೆ ಹಾಕುತ್ತಾ ಕಲ್ಲು ಬಿದ್ದಂತೆ ಕೆಳಗೆ ಬೀಳುತ್ತದೆ. ಹೆಣ್ಣು ಬರಿನೆಲದ ಪುಟ್ಟ ಗುಳಿಯಲ್ಲಿ ಮೊಟ್ಟೆ ಇಡುತ್ತದೆ. ತುಳಿದರೆ ಮುಗಿಯಿತು! "ಏನು ಹುಡುಕ್ತೀರಿ ಪಟೇಲ್ರೆ?" ಎಂದು ಯಾರಾದರೂ ಕೇಳಿದರೆ, "ಹುಡುಕ್ತಿಲ್ಲಪ್ಪ, ತಪ್ಪಿಸ್ಕಂಡು ಹೋಗ್ತಿದೀನಿ" ಎನ್ನುತ್ತಿದ್ದರು.

ಹೊಳೆದಂಡೆಯ ಹೊನ್ನಾಳಿಯಿಂದ ನಾನು ಮದುವೆಯಾಗಿ ಬಂದ ದಿನ, ದಾರಿಯಲ್ಲಿ ಗೂಡಿದೆಯೆಂದು ನನ್ನ ಗಾಡಿಯನ್ನೇ ಜಾಲಿಮುಳ್ಳಿನೊಳಗೆ ತಿರುಗಿಸಿದರು. ಧಾರೆಸೀರೆಯ ಅರ್ಧ ಸೆರಗು ಮುಳ್ಳಿನ ಪಾಲು! "ಸೀರೆ ಇನ್ನೊಂದು ತರಬೌದು ಬಿಡವ್ವಾ" ಎಂದರು. ಎಂಥ ಮನೆಗೆ ಕೊಟ್ಟರಪ್ಪಾ ಎಂದು ಕಣ್ಣೀರು ಹಾಕಿದೆ.

ಈಗ ನೆನೆದರೆ ನಗು ಬರುತ್ತದೆ. ಆದರೆ ತಾಲೂಕಿನ ಅಮಲ್ದಾರರು ಬಂದ ದಿನ ನಗುವಂತಿರಲಿಲ್ಲ. ಯುದ್ಧದ ಕಾಲ, ಊರು ಸರ್ಕಾರಕ್ಕೆ ಅಳೆಯಬೇಕಾದ ಧಾನ್ಯದ ಲೆವಿ ಗೊತ್ತುಮಾಡಲು ಬರುವವರಿದ್ದರು. ಅವರ ಡೇರೆಗೆ ಜವಾನ ಬಯಲಲ್ಲಿ ಗೂಟ ಇಟ್ಟು, ಹೊಡೆಯಲು ಕೊಡತಿ ಎತ್ತಿದ. ಕುಡಿಯುವ ನೀರು ಹೊತ್ತು ನಾನೂ ಅಲ್ಲಿಗೆ ಹೋಗಿದ್ದೆ. ಮಾವನವರು ಓಡಿಹೋಗಿ ಗೂಟದ ಮುಂದೆ ಕೂತೇಬಿಟ್ಟರು. ಗೇಣು ದೂರದಲ್ಲಿ ಎರಡು ಮೊಟ್ಟೆ.

"ಏಳ್ರೀ! ಸಾಹೇಬ್ರು ನೋಡಿದ್ರೆ ನಿಮ್ಮ ಪಟೇಲ್ಕಿ ಹೋಗತೈತೆ!" ಎಂದ ಜವಾನ.

"ಹೋಗ್ಲಿ. ಹೊಡಿಯಾಕೆ ಬಿಡಲ್ಲ."

ತಾಯಿಹಕ್ಕಿ ದೂರದಲ್ಲಿ ಚಡಪಡಿಸುತ್ತಿತ್ತು. ನೆಲ ಕಾದ ಹಂಚಾಗಿತ್ತು. ಮೊಟ್ಟೆ ಬೆಂದೇ ಹೋದಾವು! ಮಾವನವರು ಅವುಗಳ ಮೇಲೆ ತಮ್ಮ ನೆರಳು ಬೀಳುವಂತೆ ಸರಿದು ಕೂತರು. ಅಷ್ಟರಲ್ಲಿ ಅಮಲ್ದಾರರ ಗಾಡಿ ಬಂದು ನಿಂತಿತು.

"ಏನಿದು ಪಟೇಲರೇ?"

"ಸ್ವಾಮಿ, ಇಲ್ಲಿ ಬಾಣಂತಿ ಅದಾಳೆ."

ಅಮಲ್ದಾರರು ಗಾಬರಿಯಿಂದ ಮುಖ ತಿರುಗಿಸಿಕೊಂಡರು! ಆಮೇಲೆ ಜವಾನ ತೋರಿಸಿದ ಕಡೆ ಬಗ್ಗಿ ನೋಡಿದರು. ನೆಟ್ಟಗೆ ನಿಂತು ಜವಾನನ ಕಡೆ ತಿರುಗಿದರು.

"ಬಾಣಂತಿ ಇರೋ ಕಡೆ ಗಂಡಸರಿಗೇನ್ರೀ ಕೆಲಸ? ಡೇರೆ ಆಚೆ ಹಾಕಿ!"

ಎಲ್ಲರೂ ಹಿಂದೆ ಸರಿದೆವು. ಹಕ್ಕಿ ಬರಲೊಲ್ಲದು. ಮಾವನವರ ತುಟಿ ಒಣಗಿತ್ತು. ಕೊನೆಗೆ ಅದು ಕುಡುಕುಡು ಓಡಿಬಂದು ಮೊಟ್ಟೆಯ ಮೇಲೆ ಕೂತಿತು.

ಮನೆಗೆ ಮರಳುವಾಗ ಅವರು ನನ್ನ ಕೈಯಿಂದ ಕೊಡ ಕಸಿದುಕೊಂಡು ಮುಂದೆ ನಡೆದರು. ಪಟೇಲರು ಕೊಡ ಹೊತ್ತರೆ ಊರು ನಗದೇ?

"ಕೊಡ್ರಿ ಮಾವಾ" ಎಂದೆ.

ಅವರು ಹಿಂದೆ ತಿರುಗಲಿಲ್ಲ. "ಹೊನ್ನಾಳಿಗೆ ಕಾಗ್ದ ಹಾಕೀನಿ. ನಿಮ್ಮವ್ವ ಬಂದು ನಾಕು ದಿನ ಇರ್ಲಿ. ಇನ್ಮ್ಯಾಲೆ ನೀ ನೀರು ಹೊರಬ್ಯಾಡವ್ವಾ."

ನಾನು ಬಸುರಿಯೆಂದು ಇನ್ನೂ ನನ್ನ ಗಂಡನಿಗೂ ಹೇಳಿರಲಿಲ್ಲ.