ಬಳಸದೆ ಮರಳಿಸತಕ್ಕದ್ದು

ನಮ್ಮ ಬೀದಿಯ ಸಾಮೂಹಿಕ ಸಲಕರಣೆ ಭಂಡಾರದಲ್ಲಿ ಈವರೆಗೆ ಒಂದೇ ಒಂದು ವಸ್ತುವೂ ಸವೆದಿಲ್ಲವೆಂಬುದನ್ನು ಉಪಕಾರ್ಯದರ್ಶಿಯಾದ ನಾನು ಹೆಮ್ಮೆಯಿಂದ ದಾಖಲಿಸುತ್ತೇನೆ.

"ಮನೆಗೊಂದು ಏಣಿ ಯಾಕೆ? ಬೀದಿಗೊಂದು ಸಾಲದೇ?" ಎಂದು ಅಧ್ಯಕ್ಷರು ಉದ್ಘಾಟನೆಯಲ್ಲಿ ಗುಡುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿ, ಕೆಟ್ಟ ಮಿಕ್ಸಿ, ಕಾಲು ಮುರಿದ ಸ್ಟೂಲು ಮುಂತಾದವನ್ನು ಉದಾರವಾಗಿ ಕೊಟ್ಟರು. ಬಡಗಿಯೊಬ್ಬ ಮಾತ್ರ ಭಾಷಣಕ್ಕೆ ಕರಗಿಹೋಗಿ ತನ್ನಲ್ಲಿದ್ದ ಒಂದೇ ಗರಗಸವನ್ನು ಎಣ್ಣೆ ಹಚ್ಚಿ ಒರೆಸಿ ತಂದುಕೊಟ್ಟ. ಅಷ್ಟು ಒಳ್ಳೆಯ ವಸ್ತು ಬಂದ ಮೇಲೆ ಅದನ್ನು ಕಾಯಲು ನಿಯಮ ಬೇಕಲ್ಲ? ನಾಲ್ಕನೇ ನಿಯಮ ಹುಟ್ಟಿತು:

"ವಸ್ತುವನ್ನು ಪಡೆದ ಸ್ಥಿತಿಯಲ್ಲೇ ಮರಳಿಸತಕ್ಕದ್ದು. ಬಳಸಿದರೆ ಸ್ಥಿತಿ ಬದಲಾಗುವುದರಿಂದ ಬಳಸತಕ್ಕದ್ದಲ್ಲ. ಮೂರು ದಿನ ಮನೆಯಲ್ಲಿಟ್ಟುಕೊಂಡು ನೋಡಬಹುದು, ನೆಂಟರಿಗೂ ತೋರಿಸಬಹುದು."

ಮರುವಾರವೇ ಬಡಗಿ ಬಂದ.

"ಅಮ್ಮ ಬೀದಿ ನೋಡಿ ನಾಲ್ಕು ತಿಂಗಳಾಯ್ತು ಸಾರ್. ಬಾಗಿಲ ಮುಂದೆ ಮೂರು ಮೆಟ್ಟಿಲು. ಗಾಲಿಕುರ್ಚಿ ಇಳಿಸೋಕೆ ಒಂದು ಇಳಿಜಾರು ಹಲಗೆ ಮಾಡ್ಬೇಕು. ಗರಗಸ ಕೊಡಿ."

"ಧಾರಾಳವಾಗಿ ತಗೊಂಡು ಹೋಗಿ. ಕೊಯ್ಯಬೇಡಿ, ಅಷ್ಟೇ."

"ಕೊಯ್ಯದೆ ಹೇಗೆ ಮಾಡ್ಲಿ?"

"ಅದು ನಿಮ್ಮ ಕಸುಬು. ನಮಗೇನು ಗೊತ್ತು?"

ಗರಗಸ ವಾಪಸು ಬಂದಾಗ ಉಗ್ರಾಣದವರು ಭೂತಗನ್ನಡಿ ಹಿಡಿದು ಹಲ್ಲು ಹಲ್ಲನ್ನೂ ಪರೀಕ್ಷಿಸಿದರು. ಒಂಬತ್ತನೇ ಹಲ್ಲಿನ ಬುಡದಲ್ಲಿ ಮರದ ಪುಡಿ ಸಿಕ್ಕಿತು. ತುರ್ತು ಸಭೆ ಸೇರಿತು. ಕಾಫಿ ಮುಗಿದ ಮೇಲೆ ತನಿಖಾ ತಂಡ ಬಡಗಿಯ ಮನೆಗೆ ಹೋಗಿ ನೋಡಿದರೆ, ಹಲಗೆ ಸಿದ್ಧವಾಗಿ ಮೆಟ್ಟಿಲಿಗೆ ಆನಿಸಿಯೂ ಆಗಿತ್ತು! ಒಂದು ಮೊಳೆಯೂ ಎದ್ದಿಲ್ಲ, ಅಂಚೆಲ್ಲ ನುಣುಪು. ಅಮ್ಮ ಹೊಸ ಸೀರೆಯುಟ್ಟು ಕುರ್ಚಿಯಲ್ಲಿ ಕೂತು ಹೊಸ್ತಿಲವರೆಗೆ ಬಂದಿದ್ದರು. ನನಗೂ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಸಿವಿಸಿ ಬರೆಯಲು ನಡಾವಳಿಯಲ್ಲಿ ಜಾಗವಿರಲಿಲ್ಲ.

ನಿಯಮಬಾಹಿರ ಬಳಕೆಯಿಂದ ಹುಟ್ಟಿದ ವಸ್ತುವೆಂದು ಹಲಗೆಯನ್ನು ಜಪ್ತಿ ಮಾಡಿ, ನಲವತ್ತಮೂರನೇ ನಂಬರು ಹೊಡೆದು ಭಂಡಾರಕ್ಕೆ ಸೇರಿಸಿದೆವು. ನಾವೇನು ಕಟುಕರೇ? ಎರವಲು ಪಡೆಯುವ ಮೊದಲ ಅವಕಾಶವನ್ನು ಬಡಗಿಗೇ ಕೊಟ್ಟೆವು. ಈಗ ಅವನು ಮೂರು ದಿನಕ್ಕೊಮ್ಮೆ ಅದನ್ನು ಒಯ್ಯುತ್ತಾನೆ, ಮೆಟ್ಟಿಲಿಗೆ ಆನಿಸುತ್ತಾನೆ, ಮೂರನೇ ದಿನ ಒರೆಸಿ ತರುತ್ತಾನೆ.

ಮೊನ್ನೆ ನಾನೇ ತಪಾಸಣೆಗೆ ಹೋಗಿದ್ದೆ. ಅಮ್ಮ ಹೊಸ್ತಿಲೊಳಗೆ ಕೂತು ಹಲಗೆಯನ್ನೇ ನೋಡುತ್ತಿದ್ದರು.

"ಎಷ್ಟು ಚೆನ್ನಾಗಿ ಮಾಡಿದಾನಲ್ವಾ ನನ್ನ ಮಗ?" ಎಂದರು. ಹೌದೆಂದೆ.

ಬಡಗಿ ಕುರ್ಚಿಯನ್ನು ಒಂದಂಗುಲ ಮುಂದಕ್ಕೆ ತಳ್ಳಿದ. ಅಮ್ಮ ಗಾಬರಿಯಿಂದ ಗಾಲಿ ಹಿಡಿದುಕೊಂಡರು.

"ಬೇಡ ಮಗನೇ, ಗೀರು ಬಿದ್ದೀತು. ನಾನು ಇಲ್ಲೇ ಇರ್ತೀನಿ."