ಅಪೊಲೋನಿಯಾ ಬಾಯಿಯ ಪದಗಳಿಗೆ ಕಾವಲು ನಿಂತ ಟೇಪ್ ರೆಕಾರ್ಡರಿಗೆ

ಪಡೀಲ್, ಮಂಗಳೂರು
ನವೆಂಬರ್ 1991

ನಮ್ಮ ಶೋಕೇಸಿನಲ್ಲಿ ಕಸೂತಿ ಬಟ್ಟೆ ಹೊದ್ದು ವಿರಾಜಮಾನರಾಗಿರುವ ಡಿಜಿಟಲ್ ಟೇಪ್ ರೆಕಾರ್ಡರ್ ಮಹಾಶಯರಿಗೆ ಬೆನೆಡಿಕ್ಟನ ತಲೆಬಾಗಿದ ವಂದನೆಗಳು.

ಮಾನ್ಯರೇ,

ನನ್ನ ಹೆಂಡತಿ ಗ್ಲ್ಯಾಡಿಸಳ ತಮ್ಮ ಪಿಯುಸ್ ತಮ್ಮನ್ನು ಬಹರೈನಿನಿಂದ ಮಡಿಲಲ್ಲಿಟ್ಟುಕೊಂಡು ತಂದ ದಿನ, ಆ ಸಂಭ್ರಮದಲ್ಲಿ ನಾವು ಹಳೆಯ ಕ್ಯಾಸೆಟ್ ರೆಕಾರ್ಡರನ್ನು ದಾನ ಮಾಡಿಬಿಟ್ಟೆವೆಂಬುದನ್ನು ತಾವು ಬಲ್ಲಿರಿ.

ಮಗಳು ಲೂರ್ಡ್ಸಳ ಮದುವೆಯ ಮುನ್ನಾದಿನ ರೋಸ್ ಶಾಸ್ತ್ರ. ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಹಾಡಬೇಕಾದ ಪದಗಳೆಲ್ಲ ಬರುವುದು ನನ್ನ ಸೋದರತ್ತೆ ಅಪೊಲೋನಿಯಾ ಬಾಯಿಗೆ ಮಾತ್ರ. ಅವರಾದರೋ, ಕಳೆದ ಕ್ರಿಸ್ಮಸ್‌ಗೆ ನಾವು ಕಳಿಸಿದ ತಿಂಡಿಯ ತಟ್ಟೆಯಲ್ಲಿ ಚಕ್ಕುಲಿ ಕಡಿಮೆ ಇತ್ತೆಂದು ಮಾತು ಬಿಟ್ಟಿದ್ದರು. ಇತ್ತ ಲೂರ್ಡ್ಸ್, "ಅಜ್ಜಿಯ ಪದ ಇಲ್ಲದಿದ್ರೆ ನಾನು ರೋಸಿಗೆ ಕೂತುಕೊಳ್ಳುದೇ ಇಲ್ಲ" ಎಂದು ಹಟ ಹಿಡಿದು ಕಣ್ಣೀರಿಟ್ಟಳು.

ಬಿಕರ್ನಕಟ್ಟೆಯ ನಮ್ಮ ನೆಂಟ ಸೈಮನ್, ತನ್ನ ಮಗನ ಮದುವೆಯಲ್ಲಿ ಅತ್ತೆ ಹಾಡಿದ್ದರ ಟೇಪನ್ನು ಜೋಪಾನ ಮಾಡಿದ್ದ. "ಟೇಪು ಕೊಡುದಿಲ್ಲ ಮಾರಾಯ, ಬೇಕಾದ್ರೆ ಕಾಪಿ ಮಾಡಿಕೊ" ಎಂದು, ತಮ್ಮ ಕುಲದ್ದೇ ಆದ ತನ್ನ ಯಂತ್ರವನ್ನೂ ಹೊತ್ತು ತಂದ. ಆ ಟೇಪು ಮೊದಲೇ ಇನ್ನೊಂದರ ಪ್ರತಿಯಂತೆ. ಪ್ರತಿಯ ಪ್ರತಿ ಮಾಡುವವನು ಕಳ್ಳನೆಂದು ತಮಗೆ ಕಾರ್ಖಾನೆಯಲ್ಲೇ ಕಲಿಸಿದ್ದಾರಂತೆ. ವೈರು ಚುಚ್ಚಿದೊಡನೆ ತಾವು ಕೆಂಪು ದೀಪ ಮಿಟುಕಿಸಿದಿರಿ. ಆಮೇಲೆ ಹೊಸ ಟೇಪನ್ನು ಕೇಳಿದರೆ, ಅಬ್ಬ, ಮೌನವನ್ನು ಇಷ್ಟು ಸ್ವಚ್ಛವಾಗಿ ಮುದ್ರಿಸಬಲ್ಲ ಯಂತ್ರ ಈ ಜಿಲ್ಲೆಯಲ್ಲೇ ಇನ್ನೊಂದಿರಲಾರದು!

ಸುದ್ದಿ ಸೈಮನನ ಬಾಯಿಂದ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ರಿಕ್ಷಾ ಬಂದು ನಮ್ಮ ಅಂಗಳದಲ್ಲಿ ನಿಂತಿತು. "ಎಂತ ಬೆನೆಡಿಕ್ಟ್, ನನ್ನ ಪದ ಕದಿಲಿಕ್ಕೆ ಹೊರಟದ್ದಾ? ಈ ಮಿಶಿನಿಗೆ ಗೊತ್ತುಂಟು ನನ್ನ ಬೆಲೆ, ನಿಮಗೆ ಗೊತ್ತಿಲ್ಲ!" ಎಂದು ನನ್ನನ್ನು ಬೈದು, ಶೋಕೇಸಿನಲ್ಲಿದ್ದ ತಮ್ಮ ತಲೆ ಸವರಿ, ರೋಸಿಗೆ ತಾನೇ ಹಾಡುವುದಾಗಿ ಸಾರಿದರು.

ಹಾಡಿದರು, ಮಾನ್ಯರೇ. ಲೂರ್ಡ್ಸಳ ತಲೆಯ ಮೇಲಿನ ತೆಂಗಿನ ಹಾಲು ಒಣಗಿ ಚಕ್ಕೆಯೇಳುವವರೆಗೆ ಹಾಡಿದರು. ಚಕ್ಕುಲಿ ಕಡಿಮೆಯಾದ ವೃತ್ತಾಂತವನ್ನೂ ಸ್ಥಳದಲ್ಲೇ ಪದ ಕಟ್ಟಿ ನೆರೆಕರೆಯವರ ಮುಂದೆ ಹಾಡಿದಾಗ ಮಗಳು ಬಿದ್ದು ಬಿದ್ದು ನಕ್ಕಳು. ಗ್ಲ್ಯಾಡಿಸ್ ಒಳಹೋಗಿ ಚಕ್ಕುಲಿ ಡಬ್ಬಿಯನ್ನೇ ತಂದು ಅತ್ತೆಯ ಮಡಿಲಿಗೆ ಸುರಿದಳು. ನನಗೂ ಯಾಕೋ ಕಣ್ಣು ಮಂಜಾಯಿತು.

ಹೀಗೆ ಕೆಲಸ ಮಾಡದೆಯೇ ಕೆಲಸ ಸಾಧಿಸಿದ ತಾವು, ಪ್ರತಿಯ ಪ್ರತಿ ಕೂಡದೆಂಬ ಆ ನಿಯಮವನ್ನು ನಮ್ಮ ಪಡೀಲಿನ ಸೊಳ್ಳೆಗಳಿಗೂ ವಿಸ್ತರಿಸಬೇಕಾಗಿ ವಿನಂತಿ.

ತಮಗೆ ನನ್ನಲ್ಲಿ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ,
ತಮ್ಮ ವಿಶ್ವಾಸಿ,
ಬೆನೆಡಿಕ್ಟ್

ತಾ.ಕ.: ಮದುವೆಯೂಟಕ್ಕೆ ಮೊದಲು ನೆರೆಮನೆಯ ಆರ್ಥರ್ ಮಾಸ್ಟ್ರು ಮಾಡಿದ, ಸೈಮನ್ ತನ್ನ ಯಂತ್ರದಲ್ಲಿ ಹಿಡಿದಿಟ್ಟ ಶುಭಾಶಯ ಭಾಷಣವನ್ನು ಮಾತ್ರ ತಾವು ಯಾವ ತಕರಾರೂ ಇಲ್ಲದೆ ಪ್ರತಿ ಮಾಡಿಕೊಟ್ಟಿದ್ದೀರಿ. ಅದನ್ನೂ ಸೈಮನನ ಯಂತ್ರವನ್ನೂ ಹಿಡಿದುಕೊಂಡು ಅವರು ಈಗ ಮನೆಮನೆಗೆ ಹೋಗಿ ಕೇಳಿಸುತ್ತಿದ್ದಾರೆ. ಎಲ್ಲಿ ಮಲಗಿತ್ತು, ಸ್ವಾಮೀ, ಆಗ ತಮ್ಮ ಕೆಂಪು ದೀಪ?